ಬ್ರಹ್ಮದಂಡಿ ಯಾವುದು, ದತ್ತೂರಿ ಯಾವುದು? ಮುರಿದು ನೋಡ್ರಿ
ಚೌಡಾಪುರ: ಅಫಜಲಪುರ ತಾಲೂಕಿನ ಹೊಲದ ಬದು, ರಸ್ತೆ ದಂಡೆಯಲ್ಲಿ ನೀಲಿ ಛಾಯೆಯ ಬಿಳಿ ಮುಳ್ಳುಚೆಂಡು ಬಿಡುವ ಗಿಡವೇ ಬ್ರಹ್ಮದಂಡಿ. ಯಾರದೋ ತೋಟದಿಂದ ಹಬ್ಬಿದ್ದಲ್ಲ, ಈ ನೆಲದ್ದೇ, ಕುಸುಬಿಯ ಬಳಗ. ಎಲೆ ಮಗುಚಿದರೆ ಅಡಿಭಾಗ ಹತ್ತಿಯಂತೆ ಬೆಳ್ಳಗಿರ್ತದ.

ಗೊಂದಲ ಇರೋದು ಹೆಸರಿನಾಗ. ಹಳದಿ ಹೂವಿನ ಮುಳ್ಳು ದತ್ತೂರಿಗೂ ಕೆಲವರು ಬ್ರಹ್ಮದಂಡಿ ಅಂತಾರ. ಅದು ಮೆಕ್ಸಿಕೊ ಕಡೆಯಿಂದ ಬಂದದ್ದು, ಮುರಿದರೆ ಹಳದಿ ಹಾಲು ಜಿನುಗ್ತದ. ಬೀಜ ನೋಡಲು ಥೇಟ್ ಸಾಸಿವೆ, ಆದರೆ ವಿಷ. ಅದರ ಎಣ್ಣೆ ಬೆರೆತ ಸಾಸಿವೆ ಎಣ್ಣೆಯಿಂದ 1998ರಲ್ಲಿ ದೆಹಲಿಯಲ್ಲಿ 60ಕ್ಕೂ ಹೆಚ್ಚು ಜನ ಸತ್ತರು. ಕಾಲು ಬಾವು ಬರೋದು ಮುಖ್ಯ ಲಕ್ಷಣ.

ಬಿಡಿ ಸಾಸಿವೆ ಮಾರುವ ಕಿರಾಣಿ ಅಂಗಡಿಯವರು ಒಂದು ಹಿಡಿ ಅಂಗೈಯಲ್ಲಿ ಹರಡಿ ನೋಡಬೇಕು. ಸಾಸಿವೆ ನುಣುಪು, ದತ್ತೂರಿ ಬೀಜದ ಮೈ ಒರಟು, ಬಲೆಯಂಥ ಗೆರೆ ಇರ್ತಾವ.