ವ್ಯಾಯಾಮಕ್ಕೆ ವೇಳೆ

ದೇಹಕ್ಕೆ ಅನ್ನ, ನೀರು, ನಿದ್ರೆಗಳು ಎಷ್ಟು ಅವಶ್ಯಕವೋ ವ್ಯಾಯಾಮವೂ ಅಷ್ಟೇ ಅವಶ್ಯಕ. ಈ ಮಾತನ್ನು ಒಪ್ಪದವರು ವಿರಳ. ಒಪ್ಪಿದವರಲ್ಲಿ ಅದನ್ನು ಆಚರಣೆಗೆ ತರುವವರು ಇನ್ನೂ ವಿರಳ. “ಮನಸ್ಸಿದೆ, ವೇಳೆಯಿಲ್ಲ” ಎಂಬುದು ಎಲ್ಲರೂ ಕೊಡುವ ಕಾರಣ. ಈ ಕಾರಣ ಎಷ್ಟರಮಟ್ಟಿಗೆ ನಿಜ, ಇಲ್ಲದ ವೇಳೆಯನ್ನು ಹೇಗೆ ಒದಗಿಸಿಕೊಳ್ಳಬಹುದು ಎಂಬುದನ್ನು ಇಲ್ಲಿ ವಿಚಾರಿಸೋಣ.

ಕೃಷ್ಣಾ ಮತ್ತು ಭೀಮಾ ನದಿಗಳು ಹರಿಯುವ ಯಾದಗಿರಿ, ಶಹಾಪುರ, ಸುರಪುರಗಳ ಸೀಮೆಗೆ ಸಗರನಾಡೆಂದು ಹೆಸರು. ಹಿಂದೆ ಇಲ್ಲಿನ ಒಕ್ಕಲಿಗನಿಗೆ ದುಡಿಮೆಯೇ ವ್ಯಾಯಾಮವಾಗಿತ್ತು. ಎತ್ತುಗಳ ಹಿಂದೆ ನಡೆಯುವುದು, ಬಾವಿಯಿಂದ ನೀರು ಸೇದುವುದು, ಜೋಳದ ಹೊರೆ ಹೊರುವುದು, ಸಂತೆಗೆ ಕಾಲ್ನಡಿಗೆಯಲ್ಲಿ ಹೋಗಿಬರುವುದು ದಿನದ ಕೆಲಸಗಳಾಗಿದ್ದವು. ಇಷ್ಟಾದರೂ ಉತ್ತರ ಕರ್ನಾಟಕದ ಊರುಗಳಲ್ಲಿ ಗರಡಿಮನೆಗಳಿದ್ದವು. ತರುಣರು ನಸುಕಿನಲ್ಲಿಯೇ ಎದ್ದು ದಂಡ, ಬೈಠಕ್ ಮಾಡಿ, ಕುಸ್ತಿಯ ಪಟ್ಟುಗಳನ್ನು ಕಲಿತು, ಅನಂತರ ಹೊಲಕ್ಕೆ ಹೋಗುತ್ತಿದ್ದರು. ಅವರಿಗೂ ಬಿಡುವು ಇರಲಿಲ್ಲ. ಬಿಡುವು ಸಿಕ್ಕಾಗ ಮಾಡೋಣವೆಂದು ಅವರು ಕಾಯಲಿಲ್ಲ. ದಿನದ ಕೆಲಸ ಆರಂಭವಾಗುವ ಮೊದಲೇ ಅದಕ್ಕೊಂದು ಹೊತ್ತನ್ನು ಗೊತ್ತುಮಾಡಿಕೊಂಡಿದ್ದರು.

ಈಗ ಕಾಲ ಬದಲಾಗಿದೆ. ನಾರಾಯಣಪುರದ ಬಸವಸಾಗರ ಜಲಾಶಯದಿಂದ ಹೊಲಗಳಿಗೆ ಕಾಲುವೆಯ ನೀರು ಬಂದಿದೆ. ನೇಗಿಲಿನ ಸ್ಥಾನದಲ್ಲಿ ಟ್ರ್ಯಾಕ್ಟರು, ಎತ್ತಿನ ಬಂಡಿಯ ಸ್ಥಾನದಲ್ಲಿ ಮೋಟಾರು ಬಂದಿವೆ. ನಡೆದು ಹೋಗುತ್ತಿದ್ದ ದೂರವನ್ನು ಬೈಕಿನಲ್ಲಿ ಕ್ರಮಿಸುತ್ತೇವೆ. ಕಚೇರಿ, ಅಂಗಡಿ, ತರಗತಿಗಳಲ್ಲಿ ಕುಳಿತಲ್ಲಿಯೇ ದಿನ ಕಳೆಯುವವರ ಸಂಖ್ಯೆ ಹೆಚ್ಚಿದೆ. ಈ ಸೌಕರ್ಯಗಳು ಬೇಡವೆನ್ನುವಂತಿಲ್ಲ. ಆದರೆ ಅವು ನಮ್ಮ ಶ್ರಮದ ಜೊತೆಗೆ ದೇಹದ ಚಲನೆಯನ್ನೂ ಕಡಿಮೆ ಮಾಡಿವೆ. ಹಿಂದೆ ಪಟ್ಟಣದ ಸಿರಿವಂತರ ಕಾಯಿಲೆಗಳೆನಿಸಿದ್ದ ಮಧುಮೇಹ, ರಕ್ತದೊತ್ತಡಗಳು ಇಂದು ಹಳ್ಳಿಗಳಿಗೂ ಕಾಲಿಟ್ಟಿವೆ.

ಕುಳಿತು ಮಾಡುವ ಕೆಲಸದಿಂದ ಹೃದಯಕ್ಕೆ ಆಗುವ ಹಾನಿಯನ್ನು ಮೊದಲು ತೋರಿಸಿಕೊಟ್ಟವರಲ್ಲಿ ಬ್ರಿಟನ್ನಿನ ವೈದ್ಯವಿಜ್ಞಾನಿ ಜೆರೆಮಿ ಮಾರಿಸ್ ಪ್ರಮುಖರು. ಲಂಡನ್ನಿನ ಎರಡಂತಸ್ತಿನ ಬಸ್ಸುಗಳಲ್ಲಿ ಚಾಲಕನು ದಿನವೆಲ್ಲ ಕುಳಿತಿರುತ್ತಿದ್ದನು; ನಿರ್ವಾಹಕನು ಟಿಕೀಟು ಕೊಡಲು ನೂರಾರು ಮೆಟ್ಟಿಲುಗಳನ್ನು ಹತ್ತಿ ಇಳಿಯುತ್ತಿದ್ದನು. ಚಾಲಕರಿಗಿಂತ ನಿರ್ವಾಹಕರಲ್ಲಿ ಹೃದ್ರೋಗ ಕಡಿಮೆಯೆಂದು ಮಾರಿಸ್ ಮತ್ತು ಸಂಗಡಿಗರು 1953ರಲ್ಲಿ ಪ್ರಕಟಿಸಿದರು. ಕಾಗದಗಳನ್ನು ಹಂಚುವ ಅಂಚೆಯವರಿಗೂ ಕುಳಿತು ಬರೆಯುವ ಗುಮಾಸ್ತರಿಗೂ ನಡುವೆ ಇಂತಹುದೇ ಅಂತರ ಕಂಡುಬಂದಿತು. ಮುಂದಿನ ಅನೇಕ ಸಂಶೋಧನೆಗಳು ಈ ವಿಚಾರವನ್ನು ಬಲಪಡಿಸಿವೆ.

ಹಾಗಾದರೆ ಎಷ್ಟು ವ್ಯಾಯಾಮ ಬೇಕು? ವಿಶ್ವ ಆರೋಗ್ಯ ಸಂಸ್ಥೆಯು 2020ರಲ್ಲಿ ನೀಡಿದ ಸಲಹೆಯಂತೆ, ವಯಸ್ಕರು ವಾರಕ್ಕೆ ಕನಿಷ್ಠ 150 ನಿಮಿಷ ಬಿರುಸಿನ ನಡಿಗೆಯಂತಹ ಸಾಧಾರಣ ವ್ಯಾಯಾಮ ಮಾಡಬೇಕು. 5ರಿಂದ 17 ವರ್ಷದವರು ದಿನಕ್ಕೆ ಸರಾಸರಿ 60 ನಿಮಿಷ ಆಟ, ಓಟಗಳಲ್ಲಿ ತೊಡಗಬೇಕು. ವಾರವೊಂದರಲ್ಲಿ 10,080 ನಿಮಿಷಗಳಿವೆ. ಅದರಲ್ಲಿ 150 ನಿಮಿಷವೆಂದರೆ ನೂರರಲ್ಲಿ ಒಂದೂವರೆ ಪಾಲು ಮಾತ್ರ. ಇದನ್ನು ಒಂದೇ ಸಲ ಮಾಡಬೇಕೆಂಬ ನಿರ್ಬಂಧವೂ ಇಲ್ಲ. ಬೆಳಿಗ್ಗೆ ಹದಿನೈದು ನಿಮಿಷ, ಸಂಜೆ ಹದಿನೈದು ನಿಮಿಷದಂತೆ ವಾರದಲ್ಲಿ ಐದು ದಿನ ನಡೆದರೂ ಲೆಕ್ಕ ತುಂಬುತ್ತದೆ.

ಪ್ರಮಾಣಕ್ಕಿಂತಲೂ ಕ್ರಮವು ಮುಖ್ಯವಾದುದು. ವ್ಯಾಯಾಮ ಮಾಡುವಾಗ ಸ್ನಾಯುಗಳು ರಕ್ತದಲ್ಲಿನ ಸಕ್ಕರೆಯನ್ನು ಬಳಸಿಕೊಳ್ಳುತ್ತವೆ. ಅಭ್ಯಾಸದಿಂದ ಹೃದಯವು ಪ್ರತಿ ಬಡಿತಕ್ಕೂ ಹೆಚ್ಚು ರಕ್ತವನ್ನು ನೂಕಬಲ್ಲುದಾಗುತ್ತದೆ. ಅಭ್ಯಾಸ ನಿಂತರೆ ಈ ಲಾಭವೂ ಕೆಲವೇ ವಾರಗಳಲ್ಲಿ ಕರಗುತ್ತದೆ. ಈ ಭಾಗದ ಎಷ್ಟೋ ಭಕ್ತರು ಯುಗಾದಿಯ ಹೊತ್ತಿಗೆ ಶ್ರೀಶೈಲಕ್ಕೆ ಪಾದಯಾತ್ರೆ ಹೋಗುತ್ತಾರೆ. ಮನುಷ್ಯನ ಕಾಲಿಗೆ ಎಷ್ಟು ಶಕ್ತಿಯಿದೆ ಎಂಬುದಕ್ಕೆ ಅದು ಸಾಕ್ಷಿ. ಆದರೆ ಕಣಜದಲ್ಲಿ ಜೋಳವನ್ನು ತುಂಬಿಡುವಂತೆ ವ್ಯಾಯಾಮವನ್ನು ದೇಹದಲ್ಲಿ ವರ್ಷಕ್ಕಾಗುವಷ್ಟು ತುಂಬಿಡಲಾಗದು.

“ಹೊಲದಲ್ಲಿ ದುಡಿಯುವವರಿಗೆ ಬೇರೆ ವ್ಯಾಯಾಮವೇಕೆ?” ಎಂದು ಕೇಳಬಹುದು. ದುಡಿಮೆಯೂ ದೇಹದ ಚಲನೆಯೇ ಅಹುದು. ಆದರೆ ದಿನವಿಡೀ ಬಗ್ಗಿ ಭತ್ತದ ಸಸಿ ನೆಡುವವರ ಸೊಂಟಕ್ಕೂ, ಹತ್ತಿ ಬಿಡಿಸುವವರ ಕತ್ತು, ಭುಜಗಳಿಗೂ ಒಂದೇ ಬಗೆಯ ಶ್ರಮ ಬೀಳುತ್ತದೆ. ಅಂಥವರಿಗೆ ಬೇಕಾದುದು ಮತ್ತಷ್ಟು ದಣಿವಲ್ಲ. ನಡುನಡುವೆ ಬೆನ್ನು ನೆಟ್ಟಗೆ ಮಾಡಿ ಕೈಕಾಲು ಸಡಿಲಿಸುವುದು ಮತ್ತು ಸಾಕಷ್ಟು ವಿಶ್ರಾಂತಿ. ಮನೆಯ ಹೆಣ್ಣುಮಕ್ಕಳ ವಿಷಯವನ್ನೂ ಮರೆಯಲಾಗದು. ನೀರು, ಅಡುಗೆ, ಮುಸುರೆಗಳ ನಡುವೆ ಅವರ ದಿನ ಮುಗಿಯುತ್ತದೆ. ಆ ಕೆಲಸಗಳನ್ನು ಮನೆಯವರೆಲ್ಲ ಹಂಚಿಕೊಂಡರೆ ತಾಯಿಗೂ ಅಕ್ಕತಂಗಿಯರಿಗೂ ಅರ್ಧ ಗಂಟೆ ಉಳಿಯುತ್ತದೆ. ಆಟದ ಬಯಲು ಹುಡುಗರಿಗೆ ಎಷ್ಟು ಸೇರಿದುದೋ ಹುಡುಗಿಯರಿಗೂ ಅಷ್ಟೇ ಸೇರಿದುದು.

ವೇಳೆಯನ್ನು ಒದಗಿಸಿಕೊಳ್ಳಲು ಕೆಲವು ಸುಲಭ ಉಪಾಯಗಳುಂಟು. ಮುಖ ತೊಳೆಯುವುದು, ಸಂಜೆಯ ದೀಪ ಹಚ್ಚುವುದು ಮುಂತಾದ ನಿತ್ಯದ ಯಾವುದಾದರೊಂದು ಕೆಲಸಕ್ಕೆ ವ್ಯಾಯಾಮವನ್ನು ಜೋಡಿಸಿಕೊಳ್ಳಬೇಕು. ಆಗ ಒಂದು ಇನ್ನೊಂದನ್ನು ನೆನಪಿಸುತ್ತದೆ. ಹತ್ತಿರದ ಕೆಲಸಗಳಿಗೆ ನಡೆದು ಅಥವಾ ಸೈಕಲ್ಲಿನಲ್ಲಿ ಹೋಗಬೇಕು. ಜೊತೆಗಾರನಿದ್ದರೆ ಸೋಮಾರಿತನ ದೂರವಾಗುತ್ತದೆ. ಸಗರನಾಡಿನ ಬೇಸಿಗೆಯಲ್ಲಿ ಬಿಸಿಲು 40 ಡಿಗ್ರಿಯನ್ನು ಮೀರುವುದರಿಂದ ನಸುಕು ಇಲ್ಲವೆ ಮುಸ್ಸಂಜೆಯೇ ಯೋಗ್ಯವಾದ ಹೊತ್ತು. ಹೃದ್ರೋಗವುಳ್ಳವರು ವೈದ್ಯರ ಸಲಹೆಯನ್ನು ಪಡೆದೇ ಆರಂಭಿಸಬೇಕು. ಇದಕ್ಕೆ ಹಣದ ಖರ್ಚು ಬೇಕಿಲ್ಲ. ಯಾದಗಿರಿಯ ಕೋಟೆಯ ಬೆಟ್ಟ, ಸುರಪುರದ ಏರಿಳಿತದ ಬೀದಿಗಳು, ಊರ ಕೆರೆಯ ಏರಿ, ಶಾಲೆಯ ಬಯಲು ಎಲ್ಲರಿಗೂ ತೆರೆದಿವೆ.

ಪರೀಕ್ಷೆಯ ದಿನಗಳಲ್ಲಿ ವಿದ್ಯಾರ್ಥಿಗಳು ಮೊದಲು ಕೈಬಿಡುವುದು ಆಟವನ್ನು. ವಾಸ್ತವವಾಗಿ ಬೇಸತ್ತ ಮನಸ್ಸಿಗೆ ಅರ್ಧ ಗಂಟೆಯ ಆಟವು ಹೊಸ ಚೈತನ್ಯವನ್ನು ಕೊಡುತ್ತದೆ, ರಾತ್ರಿಗೆ ಒಳ್ಳೆಯ ನಿದ್ರೆಯನ್ನು ತರುತ್ತದೆ. ವ್ಯಾಯಾಮಕ್ಕೆ ಇಂದು ಅರ್ಧ ಗಂಟೆಯನ್ನು ಕೊಡದವರು ಮುಂದೊಂದು ದಿನ ಕಾಯಿಲೆಗೆ ಅದಕ್ಕಿಂತ ಎಷ್ಟೋ ಹೆಚ್ಚು ವೇಳೆಯನ್ನು ಕೊಡಬೇಕಾದೀತು. ವೇಳೆಯು ತಾನಾಗಿ ದೊರೆಯುವ ವಸ್ತುವಲ್ಲ. ಬಿತ್ತನೆಗೆಂದು ಒಕ್ಕಲಿಗನು ಬೀಜವನ್ನು ಮೊದಲೇ ಎತ್ತಿಡುವಂತೆ ಅದನ್ನು ಎತ್ತಿಡಬೇಕು.