ನಡೆಯಲು ಬಂದರೆ ಆಡಬಹುದೇ?

ಜಿಲ್ಲಾ ಮಟ್ಟದ ಕಬಡ್ಡಿಗೆ ಇನ್ನು ಒಂಬತ್ತು ದಿನ ಇತ್ತು. ಪ್ರಾಕ್ಟೀಸಿನಲ್ಲಿ ರೈಡ್ ಮುಗಿಸಿ ಗೆರೆಯ ಕಡೆ ತಿರುಗುವಾಗ ನನ್ನ ಬಲ ಪಾದ ನೆಲಕ್ಕೆ ಕಚ್ಚಿಕೊಂಡು ನಿಂತಿತು, ಮೈ ಮಾತ್ರ ತಿರುಗಿತು. ಯಾರೂ ನನ್ನನ್ನು ಮುಟ್ಟಿರಲಿಲ್ಲ. ಸಂಜೆಯೊಳಗೆ ಮಂಡಿ ಊದಿಕೊಂಡಿತು.

ಐದನೇ ದಿನ ಊತ ಇಳಿಯಿತು. ಬಸ್ ಸ್ಟ್ಯಾಂಡಿನಿಂದ ಕಾಲೇಜಿನವರೆಗೆ ಕುಂಟದೆ ನಡೆದೆ. "ನಡೀತಿದ್ದೀಯಲ್ಲ, ಆಡೋಕೇನು?" ಎಂದರು ಗೆಳೆಯರು. ನನಗೂ ಅದೇ ಮಾತು ಬೇಕಾಗಿತ್ತು. ಸೆಕೆಂಡ್ ಪಿಯುಸಿ, ಮುಂದಿನ ವರ್ಷ ಈ ಟೀಮ್ ಇರುವುದಿಲ್ಲ.

ಮನೆಯಲ್ಲಿ ದಾದಿ ಪುತ್ತೂರು ಕಟ್ಟು ಹಾಕಿಸೋಣ ಎಂದರು, ಅಮ್ಮಿ ಡಾಕ್ಟರ್ ಎಂದರು. ಅಬ್ಬಾ ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಗೆ ಹೋಗುವವರು. ನೋಡಲು ಎಷ್ಟೇ ಚೆನ್ನಾಗಿದ್ದರೂ ಗೂಡನ್ನು ಕೈಯಲ್ಲಿ ಹಿಡಿದು ನೋಡದೆ ರೇಟ್ ಹೇಳುವುದಿಲ್ಲ. "ಒಳಗೇನಿದೆ ಅಂತ ಮೊದಲು ತಿಳ್ಕೊ" ಎಂದಷ್ಟೇ ಹೇಳಿದರು.

ಒಳಗೇನಿದೆ ಎಂಬುದನ್ನು ಡಾಕ್ಟರ್ ಪ್ಲಾಸ್ಟಿಕ್ ಮಾದರಿ ಹಿಡಿದು ತೋರಿಸಿದರು. ತೊಡೆಯ ಮೂಳೆ ಮತ್ತು ಕೆಳಗಾಲಿನ ಮೂಳೆಯನ್ನು ಮುಖ್ಯವಾಗಿ ನಾಲ್ಕು ಲಿಗಮೆಂಟುಗಳು, ಅಂದರೆ ಗಟ್ಟಿ ಹಗ್ಗದಂಥ ಪಟ್ಟಿಗಳು, ಹಿಡಿದಿರುತ್ತವೆ. ಎರಡು ಪಕ್ಕಗಳಲ್ಲಿ, ಎರಡು ಮಧ್ಯದಲ್ಲಿ ಅಡ್ಡಡ್ಡ. ಮಧ್ಯದವುಗಳಲ್ಲಿ ಮುಂದಿನದೇ ಎಸಿಎಲ್. ಕೆಳಗಾಲಿನ ಮೂಳೆ ಮುಂದಕ್ಕೆ ಜಾರದಂತೆ, ಅತಿಯಾಗಿ ತಿರುಚದಂತೆ ಅದು ತಡೆಯುತ್ತದೆ. ಎರಡು ಮೂಳೆಗಳ ನಡುವೆ ಮೆನಿಸ್ಕಸ್ ಎಂಬ ಮೆತ್ತೆಗಳು ಎರಡಿವೆ. ನೇರವಾಗಿ ನಡೆಯುವಾಗ ಎಸಿಎಲ್‌ಗೆ ಹೆಚ್ಚು ಕೆಲಸವೇ ಇಲ್ಲ. ಅದು ಹರಿದವರೂ ಕೆಲವು ವಾರಗಳಲ್ಲಿ ಆರಾಮಾಗಿ ನಡೆಯಬಹುದು. ಓಡುತ್ತಾ ಥಟ್ಟನೆ ನಿಂತು ತಿರುಗಿದಾಗ ಮಾತ್ರ ಬಣ್ಣ ಬಯಲಾಗುತ್ತದೆ. ಕಬಡ್ಡಿಯಲ್ಲಿ ನಾವು ಮಾಡುವುದು ಪೂರಾ ಅದೇ!

ಡಾಕ್ಟರ್ ಕೇಳಿದ ಪ್ರಶ್ನೆಗಳನ್ನು ನೀವೂ ನೆನಪಿಟ್ಟುಕೊಳ್ಳಿ. ಪೆಟ್ಟಾದಾಗ 'ಟಪ್' ಎಂದು ಸದ್ದಾಯಿತೇ? ಕೆಲವೇ ಗಂಟೆಗಳಲ್ಲಿ ಊದಿತೇ? ಮೆಟ್ಟಿಲು ಇಳಿಯುವಾಗ ಮಂಡಿ ಕೈಕೊಡುತ್ತದೆಯೇ? ಮಡಚಿದ ಮಂಡಿ ಸಿಕ್ಕಿಕೊಳ್ಳುತ್ತದೆಯೇ? ಕೊನೆಯದಕ್ಕೆ ನಾನು ತಡವರಿಸಿದೆ. ಹಿಂದಿನ ದಿನ ನಮಾಜಿನಲ್ಲಿ ಸಜ್ದಾದಿಂದ ಏಳುವಾಗ ಒಂದು ಕ್ಷಣ ಮಂಡಿ ಹಿಡಿದಿತ್ತು. ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ಎಕ್ಸ್‌ರೇಯಲ್ಲಿ ಮೂಳೆ ಸರಿಯಾಗಿತ್ತು. ಆದರೆ ಎಕ್ಸ್‌ರೇಯಲ್ಲಿ ಲಿಗಮೆಂಟ್ ಕಾಣುವುದಿಲ್ಲ, ಅದಕ್ಕೆ ಎಂಆರ್‌ಐ ಬೇಕು. ನನಗೆ ಸ್ಕ್ಯಾನ್ ದಿನ ಸಿಕ್ಕಿದ್ದು ಪಂದ್ಯ ಮುಗಿದ ಎರಡು ದಿನಕ್ಕೆ. ನೋವಿನ ಮಾತ್ರೆ ನುಂಗಿ ಆಡಲೇ ಎಂದು ಕೇಳಿದೆ. ಮಾತ್ರೆ ನೋವನ್ನು ಮುಚ್ಚುತ್ತದೆ, ಮಂಡಿಯನ್ನು ಬಿಗಿ ಮಾಡುವುದಿಲ್ಲ, ಹಿಡಿತವಿಲ್ಲದ ಮಂಡಿಯಲ್ಲಿ ಆಡಿದರೆ ಮೆನಿಸ್ಕಸ್ ಕೂಡ ಹರಿಯಬಹುದು ಎಂದರು.

ಈ ಪ್ರಶ್ನೆ ಕಬಡ್ಡಿಯವರಿಗೆ ಮಾತ್ರ ಬರುವುದಲ್ಲ. ಹಿಮದ ಮೇಲೆ ಜಾರುವ ಸ್ಕೀಯಿಂಗ್‌ನಲ್ಲಿ ಕಾಲಿಗೆ ಕಟ್ಟಿದ ಉದ್ದನೆಯ ಪಟ್ಟಿ ಸಿಕ್ಕಿಕೊಂಡರೆ ಮಂಡಿ ಇದೇ ರೀತಿ ತಿರುಚುತ್ತದೆ. ನಮಗೆ ನಂದಿಬೆಟ್ಟದ ಮಂಜು ಬಿಟ್ಟರೆ ಹಿಮ ಗೊತ್ತಿಲ್ಲ, ಆದರೆ ಮಂಡಿ ಎಲ್ಲರದೂ ಒಂದೇ. ಅಮೆರಿಕದ ಲಿಂಡ್ಸೆ ವಾನ್ 2010ರ ವ್ಯಾಂಕೂವರ್ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದವರು. 2013ರ ಫೆಬ್ರವರಿಯಲ್ಲಿ ಆಸ್ಟ್ರಿಯಾದಲ್ಲಿ ಬಿದ್ದು ಬಲ ಮಂಡಿಯ ಎರಡು ಲಿಗಮೆಂಟ್ ಹರಿದುಕೊಂಡರು. ಆಪರೇಷನ್ ಆಯಿತು. ನವೆಂಬರಿನಲ್ಲಿ ಅಭ್ಯಾಸದ ವೇಳೆ ಮತ್ತೆ ಬಿದ್ದು, ಸರಿಪಡಿಸಿದ್ದ ಎಸಿಎಲ್ ಭಾಗಶಃ ಹರಿಯಿತು. ಸೋಚಿ ಒಲಿಂಪಿಕ್ಸ್ ಹತ್ತಿರವಿದ್ದುದರಿಂದ ಮಂಡಿಗೆ ಪಟ್ಟಿ ಹಾಕಿಕೊಂಡೇ ಸ್ಪರ್ಧಿಸಿದರು. ಡಿಸೆಂಬರಿನಲ್ಲಿ ಕೆನಡಾದಲ್ಲಿ ಮೂರು ರೇಸ್ ಮುಗಿಸಿದರು, ಒಂದರಲ್ಲಿ 5ನೇ ಸ್ಥಾನವೂ ಬಂತು. ಅದೇ ತಿಂಗಳು ಫ್ರಾನ್ಸಿನ ರೇಸ್ ಮಧ್ಯೆ ಮಂಡಿ ಕೈಕೊಟ್ಟಿತು. 2014ರ ಜನವರಿಯಲ್ಲಿ ಸೋಚಿಯಿಂದ ಹಿಂದೆ ಸರಿದರು. ಮೂರು ರೇಸ್ ಸರಿಹೋಯಿತು ಎಂದರೆ ನಾಲ್ಕನೆಯದು ಸರಿಹೋಗುತ್ತದೆ ಎಂದಲ್ಲ. ಅವರಿಗೆ ಒಲಿಂಪಿಕ್ಸ್ ಇತ್ತು, ಒಳಗೆ ಎಷ್ಟು ಹರಿದಿದೆ ಎಂಬ ವಿವರ ಕೈಯಲ್ಲಿತ್ತು. ನನಗೆ ಎರಡೂ ಇರಲಿಲ್ಲ.

ಕಾಮರ್ಸ್ ಓದುವವನಾದ್ದರಿಂದ ಲೆಕ್ಕ ಹಾಕಿದೆ. ಆಡದಿದ್ದರೆ ಎಷ್ಟು ನಷ್ಟ ಎಂದು ಗೊತ್ತಿತ್ತು: ಒಂದು ಪಂದ್ಯಾವಳಿ. ಆಡಿದರೆ ಎಷ್ಟು ನಷ್ಟ ಎಂಬ ಕಾಲಂ ಖಾಲಿ ಇತ್ತು. ಎಸಿಎಲ್ ಆಪರೇಷನ್ ಆದರೆ ಆಟಕ್ಕೆ ಮರಳಲು ಸುಮಾರು ಒಂಬತ್ತು ತಿಂಗಳು. ಪರೀಕ್ಷೆ ಇರುವ ವರ್ಷ, ಅಬ್ಬಾ ಒಬ್ಬರ ದುಡಿಮೆ. ಪಿ.ಟಿ. ಸರ್ ಹತ್ತಿರ ಹೋಗಿ ನನ್ನ ಹೆಸರು ತೆಗೆಯಿರಿ ಎಂದೆ. ಹೇಳಿ ಮುಗಿಸುವಷ್ಟರಲ್ಲಿ ಗಂಟಲು ಕಟ್ಟಿತು.

ಚಿಂತಾಮಣಿಯಲ್ಲಿ ಪಂದ್ಯ. ನಾನು ಹೊರಗೆ ಕುಳಿತು ಸ್ಕೋರ್ ಬರೆದೆ. ಸೆಮಿಫೈನಲ್‌ನಲ್ಲಿ ಮೂರು ಪಾಯಿಂಟಿನಿಂದ ಸೋತೆವು. ಎರಡು ದಿನದ ಮೇಲೆ ರಿಪೋರ್ಟ್ ಬಂತು: ಎಸಿಎಲ್ ಸುರಕ್ಷಿತ, ಒಳಪಕ್ಕದ ಎಂಸಿಎಲ್ ಸ್ವಲ್ಪ ಹರಿದಿದೆ, ಆಪರೇಷನ್ ಬೇಡ, ಆರು ವಾರ ವ್ಯಾಯಾಮ.

"ಹಾಗಾದ್ರೆ ಅವತ್ತು ಆಡಬಹುದಿತ್ತಲ್ಲ ಭಾಯ್!" ಎನ್ನುತ್ತಾನೆ ನಮ್ಮ ಕ್ಯಾಪ್ಟನ್, ಇವತ್ತಿಗೂ. ಅವನ ಸಿಟ್ಟು ನನಗೆ ಅರ್ಥವಾಗುತ್ತದೆ. ಆದರೆ ಅವತ್ತು ಆ ರಿಪೋರ್ಟ್ ಇರಲಿಲ್ಲ. ಹರಿದ ಎಂಸಿಎಲ್‌ನಲ್ಲಿ ಆಡಿದ್ದರೆ ಅದೇ ರಿಪೋರ್ಟ್ ಬರುತ್ತಿತ್ತು ಎಂದೂ ಹೇಳಲಾಗದು.

ಈಗ ದಿನಾ ಸಂಜೆ ತಾರಸಿಯ ಮೇಲೆ ಒಂಟಿ ಕಾಲಲ್ಲಿ ಕುಪ್ಪಳಿಸಿ ದೂರ ಅಳೆಯುತ್ತೇನೆ. ಬಲಗಾಲು ಎಡಗಾಲಿನ ನೂರಕ್ಕೆ ತೊಂಬತ್ತರಷ್ಟಾದರೂ ಹಾರಬೇಕು, ಅಲ್ಲಿಯವರೆಗೆ ಮ್ಯಾಟ್ ಇಲ್ಲ ಎಂದಿದ್ದಾರೆ ಫಿಸಿಯೋ. ನಿನ್ನೆ ಎಂಬತ್ತೆರಡು.