ಓರೆ ಅಕ್ಷರಕ್ಕೆ ಮೈ ಬಂದ ಕಥೆ

ಇಂಗ್ಲಿಷ್ ಪುಸ್ತಕದ ಪುಟವೊಂದರಲ್ಲಿ ನೆಟ್ಟಗೆ ನಿಂತ ಅಕ್ಷರಗಳ ನಡುವೆ ಒಂದು ಪದ ಮಾತ್ರ ದಪ್ಪಗೆ, ಬಲಕ್ಕೆ ವಾಲಿಕೊಂಡಿದ್ದರೆ ಕಣ್ಣು ಮೊದಲು ಅಲ್ಲಿಗೇ ಹೋಗುತ್ತದೆ. ಮುದ್ರಣದ ಭಾಷೆಯಲ್ಲಿ ಇದು ‘ಬೋಲ್ಡ್ ಇಟಾಲಿಕ್’. ಇಂದು ಕಂಪ್ಯೂಟರಿನಲ್ಲಿ ಎರಡು ಗುಂಡಿ ಒತ್ತಿದರೆ ಸಿಗುವ ಈ ಅಕ್ಷರದ ಓರೆ ಹುಟ್ಟಿದ್ದು ಒಂದು ಕಾಲದಲ್ಲಿ, ದಪ್ಪ ಬಂದದ್ದು ಇನ್ನೊಂದು ಕಾಲದಲ್ಲಿ.

ಓರೆಯ ತವರು ಇಟಲಿಯ ವೆನಿಸ್ ನಗರ. ಅಲ್ಲಿನ ಮುದ್ರಕ ಆಲ್ಡಸ್ ಮನೂಷಿಯಸ್ 1501ರಲ್ಲಿ ಲ್ಯಾಟಿನ್ ಕವಿ ವರ್ಜಿಲ್‌ನ ಕೃತಿಗಳನ್ನು ಅಂಗೈಯಲ್ಲಿ ಹಿಡಿದು ಓದಬಹುದಾದ ಸಣ್ಣ ಗಾತ್ರದಲ್ಲಿ, ಇಡಿಯಾಗಿ ಓರೆ ಅಕ್ಷರದಲ್ಲೇ ಅಚ್ಚು ಹಾಕಿಸಿದ. ಮೊಳೆ ಕೊರೆದವನು ಫ್ರಾಂಚೆಸ್ಕೊ ಗ್ರಿಫೊ. ಅಂದಿನ ವಿದ್ವಾಂಸರ ಓಟದ ಕೈಬರಹವೇ ಅವನಿಗೆ ಮಾದರಿ. ಸಾಲಿನ ನಡುವೆ ಪುಸ್ತಕದ ಹೆಸರನ್ನೋ ಪರಭಾಷೆಯ ಪದವನ್ನೋ ಬೇರ್ಪಡಿಸಿ ತೋರಿಸುವ ಕೆಲಸ ಓರೆ ಅಕ್ಷರಕ್ಕೆ ಬಿದ್ದದ್ದು ಆಮೇಲೆ.

ದಪ್ಪಕ್ಷರ ಬೆಳೆದದ್ದು 19ನೇ ಶತಮಾನದ ಇಂಗ್ಲೆಂಡಿನ ಜಾಹೀರಾತು, ಭಿತ್ತಿಪತ್ರಗಳ ಪೈಪೋಟಿಯಲ್ಲಿ. 1845ರಲ್ಲಿ ಲಂಡನ್ನಿನಲ್ಲಿ ಬಂದ ‘ಕ್ಲಾರೆಂಡನ್’ ಮೊಳೆಯನ್ನು ಸಾಮಾನ್ಯ ಅಕ್ಷರದ ಜೊತೆ ಒಂದೇ ಸಾಲಿನಲ್ಲಿ ಬಳಸಬಹುದಾಗಿತ್ತು. ಓರೆಯದು ಕೈಬರಹದ ಗುಣವಾದರೆ, ದಪ್ಪದ್ದು ಕೂಗಿ ಕರೆಯುವ ಗುಣ.

ಇವೆರಡನ್ನೂ ಕೂಡಿಸುವುದು ಸುಲಭದ ಕೆಲಸವಲ್ಲ. ಗೆರೆಗಳ ತುದಿಯಲ್ಲಿ ಪುಟ್ಟ ಚಾಚುಗಳಿರುವ ಅಕ್ಷರಕ್ಕೆ ‘ಸೆರಿಫ್’ ಎನ್ನುತ್ತಾರೆ. ಇದರ ನಿಜವಾದ ಇಟಾಲಿಕ್‌ನಲ್ಲಿ ಈ ಚಾಚುಗಳು ಲೇಖನಿಯ ಕೊಕ್ಕೆಗಳಂತೆ ಬಾಗುತ್ತವೆ. ಎರಡು ಅಂತಸ್ತಿನ ಸಣ್ಣ ‘ಎ’ ಒಂದೇ ಅಂತಸ್ತಿಗೆ ಇಳಿಯುತ್ತದೆ. ಅಂದರೆ ಇದು ವಾಲಿಸಿದ ಅಕ್ಷರವಲ್ಲ, ಹೊಸದಾಗಿ ಬರೆದ ಅಕ್ಷರ. ಅದಕ್ಕೆ ದಪ್ಪ ಕೊಟ್ಟಾಗ ಒಳಗಿನ ಬಿಳಿ ಜಾಗ ಕಿರಿದಾಗುತ್ತದೆ. ಆ ಬಿಳುಪು ಮುಚ್ಚಿಹೋಗದಂತೆ ಕಾಪಾಡುವುದೇ ವಿನ್ಯಾಸಕಾರನ ಪರೀಕ್ಷೆ.

ಹಳೆಯ ಲೈನೋಟೈಪ್ ಯಂತ್ರದ ಒಂದು ಅಚ್ಚಿನಲ್ಲಿ ಸಾಮಾನ್ಯವಾಗಿ ಎರಡೇ ರೂಪಗಳಿಗೆ ಜಾಗವಿರುತ್ತಿತ್ತು: ನೆಟ್ಟನೆಯದರ ಜೊತೆಗೆ ಓರೆ, ಇಲ್ಲವೇ ದಪ್ಪ. ಹಾಗಾಗಿ ದಪ್ಪ ಓರೆಗೆ ಸಾಲಿನ ನಡುವೆ ಎಡೆ ಸಿಗುವುದು ಅಪರೂಪವಾಗಿತ್ತು. 1992ರಲ್ಲಿ ‘ವಿಂಡೋಸ್ 3.1’ ಜೊತೆಗೆ ‘ಟೈಮ್ಸ್ ನ್ಯೂ ರೋಮನ್’ ಅಕ್ಷರದ ನಾಲ್ಕೂ ರೂಪಗಳು ಬಂದ ಮೇಲೆ ಅದು ಸಾಮಾನ್ಯ ಬಳಕೆದಾರರ ಕೈಗೂ ಸಿಕ್ಕಿತು.

ಆದರೆ ಎಲ್ಲ ಅಕ್ಷರ ಕುಟುಂಬದಲ್ಲೂ ನಾಲ್ಕು ರೂಪಗಳಿರುವುದಿಲ್ಲ. ಇಲ್ಲದಿದ್ದರೆ ಅನೇಕ ತಂತ್ರಾಂಶಗಳು ಇದ್ದುದನ್ನೇ ಉಬ್ಬಿಸಿ, ವಾಲಿಸಿ ಕೊಡುತ್ತವೆ. ಕನ್ನಡದಲ್ಲಿ ಆಗುವುದು ಬಹುಮಟ್ಟಿಗೆ ಇದೇ. ಲ್ಯಾಟಿನ್ ಲಿಪಿಯಂತೆ ನೆಟ್ಟನೆಯ ಅಕ್ಷರಕ್ಕೆ ಜೊತೆಯಾಗಿ ಓರೆ ಅಕ್ಷರ ಬೆಳೆದುಬಂದ ಪರಂಪರೆ ನಮ್ಮ ದುಂಡು ಲಿಪಿಗಿಲ್ಲ. ತಲೆಕಟ್ಟು, ಗುಣಿತ, ಒತ್ತುಗಳನ್ನು ಒಟ್ಟಿಗೆ ವಾಲಿಸಿ ದಪ್ಪ ಮಾಡಿದರೆ ಸಣ್ಣ ಗಾತ್ರದಲ್ಲಿ ಒತ್ತಕ್ಷರದ ಒಳಗಿನ ಬಿಳುಪು ಮುಚ್ಚಿಕೊಳ್ಳುತ್ತದೆ. ಒತ್ತಿ ಹೇಳಬೇಕಾದ ಪದವೇ ಓದಲು ತೊಡಕಾಗುತ್ತದೆ. ಅಂಥ ಕಡೆ ಬರೀ ದಪ್ಪಕ್ಷರವೋ ಉದ್ಧರಣ ಚಿಹ್ನೆಯೋ ಸಾಕು.